ವ್ರತಭಂಗದ ಭಯವೂ ಲೋಕಾಪವಾದದ ಭಯವೂ
(ಸ್ವಾಧ್ಯಾಯಕ್ಕಾಗಿ ಒಂದು ಪಾಠ)



ಪರ್ವದಿನಗಳು ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವುದುಂಟು. "ನೋಂಪಿ ಹಿಡಿಯಬೇಕೆಂಬ ಆಸೆಯೇನೋ ಇದೆ, ನಡುವೆ ತಪ್ಪಿಹೋದರೆ ಗತಿಯೇನು?" ಎಂಬುದು ಒಂದು. "ಹಿಡಿದು ಬಿಟ್ಟಳೆಂದು ನಾಲ್ಕು ಜನ ಆಡಿಕೊಳ್ಳುವುದಕ್ಕಿಂತ ಹಿಡಿಯದಿರುವುದೇ ಲೇಸು" ಎಂಬುದು ಮತ್ತೊಂದು. ಮೊದಲನೆಯದು ಸೋಲಿನ ಭಯ. ಎರಡನೆಯದು ಜನರ ನಾಲಿಗೆಯ ಭಯ. ಈ ಎರಡರ ನಡುವೆ ಸಿಲುಕಿ, ಶಕ್ತಿಯುಳ್ಳವರೂ ಶ್ರದ್ಧೆಯುಳ್ಳವರೂ ವರ್ಷದಿಂದ ವರ್ಷಕ್ಕೆ ವ್ರತವನ್ನು ಮುಂದಕ್ಕೆ ಹಾಕುತ್ತ ಬರುತ್ತಾರೆ.

ನಮ್ಮ ಸಿದ್ದಾಪುರ, ಸಿರಸಿ, ಯಲ್ಲಾಪುರದ ಸೀಮೆಯಲ್ಲಿ ಈ ಭಯಕ್ಕೆ ವಿಶೇಷವಾದ ಕಾರಣವೂ ಉಂಟು. ಇಲ್ಲಿ ಜೈನ ಮನೆಗಳು ತೋಟ ಗದ್ದೆಗಳ ನಡುವೆ ಅಲ್ಲಲ್ಲಿ ಚದುರಿಕೊಂಡಿವೆ. ಕೋಲಸಿರ್ಸಿಯಂಥ ಊರಿನಲ್ಲಿ ಒಬ್ಬರ ಮನೆಯ ಒಲೆ ಎಷ್ಟು ಹೊತ್ತಿಗೆ ಹೊತ್ತಿತೆಂಬುದು ಇನ್ನೊಬ್ಬರಿಗೆ ತಿಳಿಯದೆ ಹೋಗುವುದಿಲ್ಲ. ಆಷಾಢದ ಅಷ್ಟಾಹ್ನಿಕ ಪರ್ವವೂ ಭಾದ್ರಪದದ ದಶಲಕ್ಷಣ ಪರ್ವವೂ ಬರುವುದು ಮಳೆಗಾಲದಲ್ಲಿ. ನಾಟಿ, ಕಳೆ, ಕೊಳೆರೋಗಕ್ಕೆ ಮದ್ದು ಹೊಡೆಯುವ ಕೆಲಸಗಳು ಬೆನ್ನಿಗಿರುವ ಕಾಲ. ಇಂಥಲ್ಲಿ ವ್ರತ ತಪ್ಪಿದರೆ ಎಂಬ ಅಂಜಿಕೆ ಹುಟ್ಟುವುದು ಸಹಜ. ಆದರೆ ಸಹಜವಾದುದೆಲ್ಲ ಉಪಾದೇಯವಲ್ಲ. ಈ ಭಯದ ಸ್ವರೂಪವೇನು, ಅದನ್ನು ಗೆಲ್ಲುವ ಉಪಾಯವನ್ನು ಆಚಾರ್ಯರು ಹೇಗೆ ತೋರಿದ್ದಾರೆ ಎಂಬುದನ್ನು ಕ್ರಮವಾಗಿ ವಿಚಾರಿಸೋಣ.

೧. ಭಯದ ಸ್ವರೂಪ

ಕರ್ಮಸಿದ್ಧಾಂತದಲ್ಲಿ ಭಯವು ಚಾರಿತ್ರಮೋಹನೀಯದ ಒಂದು ಪ್ರಕೃತಿ. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಹಾಗೂ ಮೂರು ವೇದಗಳು ಸೇರಿ ಒಂಬತ್ತು ನೋಕಷಾಯಗಳು. ಅವುಗಳಲ್ಲಿ ಭಯವೂ ಒಂದು. ಇದರಿಂದ ಮೊದಲು ತಿಳಿಯತಕ್ಕದ್ದು ಇಷ್ಟು: ಭಯವು ಜೀವದ ಸ್ವಭಾವವಲ್ಲ, ಉದಯಕ್ಕೆ ಬಂದ ಕರ್ಮದ ವಿಕಾರ. ಬಂದದ್ದು ಹೋಗಲೇಬೇಕು. "ನಾನು ಹುಟ್ಟಾ ಅಂಜುಬುರುಕ" ಎಂದು ಹೇಳಿಕೊಳ್ಳುವವರು ಮೋಡವನ್ನೇ ಆಕಾಶವೆಂದು ಭಾವಿಸಿದವರಂತೆ.

ಭಯಗಳನ್ನು ನಮ್ಮ ಶಾಸ್ತ್ರಗಳು ಏಳಾಗಿ ವಿಂಗಡಿಸಿವೆ: ಇಹಲೋಕಭಯ, ಪರಲೋಕಭಯ, ವೇದನಾಭಯ, ಅತ್ರಾಣಭಯ, ಅಗುಪ್ತಿಭಯ, ಮರಣಭಯ, ಆಕಸ್ಮಿಕಭಯ. ಲೋಕಾಪವಾದದ ಅಂಜಿಕೆ ಇವುಗಳಲ್ಲಿ ಇಹಲೋಕಭಯದೊಳಗೆ ಸೇರತಕ್ಕದ್ದು. ಶ್ವೇತಾಂಬರ ಆಗಮದ ಎಣಿಕೆಯಲ್ಲಂತೂ ಅಪಕೀರ್ತಿಯ ಭಯವನ್ನು ಅಶ್ಲೋಕಭಯವೆಂದು ಬೇರೆಯಾಗಿಯೇ ಹೆಸರಿಸಿದ್ದಾರೆ. ಸಮ್ಯಗ್ದೃಷ್ಟಿಯಾದ ಜೀವನು ಈ ಸಪ್ತಭಯಗಳಿಂದ ಬಿಡುಗಡೆ ಹೊಂದಿದವನು, ಆದುದರಿಂದಲೇ ನಿಃಶಂಕನು ಎಂಬುದು ಸಮಯಸಾರದಲ್ಲಿ ಕುಂದಕುಂದಾಚಾರ್ಯರು ಮಾಡಿರುವ ಉಪದೇಶ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿಃಶಂಕಿತವೇ ಮೊದಲನೆಯದೆಂಬುದನ್ನೂ ಇಲ್ಲಿ ನೆನೆಯಬೇಕು.

ಹಾಗಾದರೆ ಅಂಜಿಕೆಯೆಲ್ಲವೂ ದೋಷವೇ? ಅಲ್ಲ. ಪಾಪಕ್ಕೆ ಅಂಜುವುದು ಶ್ರಾವಕನ ಗುಣ. ಸಂಸಾರದ ವಿಷಯದಲ್ಲಿ ಹುಟ್ಟುವ ಭೀತಿಗೆ ಸಂವೇಗವೆಂಬ ಪೂಜ್ಯವಾದ ಹೆಸರೇ ಇದೆ. ಪಾಪಭೀರುತ್ವವೂ ಲೋಕಭೀರುತ್ವವೂ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತವೆ. ಇವೆರಡನ್ನು ಬೇರ್ಪಡಿಸಲು ಒಂದು ಸುಲಭವಾದ ಪರೀಕ್ಷೆಯಿದೆ. ಯಾರೂ ಇಲ್ಲದ ಕೋಣೆಯಲ್ಲಿ ನಿಂತು ನಮ್ಮನ್ನು ನಾವೇ ಕೇಳಿಕೊಳ್ಳಬೇಕು: "ನನ್ನ ವ್ರತ ಮುರಿದ ಸಂಗತಿ ಎಂದೆಂದಿಗೂ ಒಬ್ಬರಿಗೂ ತಿಳಿಯದೆಂದಾದರೆ ಆಗಲೂ ನನಗೆ ಇದೇ ಅಂಜಿಕೆ ಇರುತ್ತದೆಯೇ?" ಇರುತ್ತದೆಯೆಂದಾದರೆ ಅದು ಪಾಪಭೀರುತ್ವ, ಅದು ನಮ್ಮನ್ನು ಎಚ್ಚರದಿಂದ ನಡೆಸುತ್ತದೆ. ಇರುವುದಿಲ್ಲವೆಂದಾದರೆ ಅದು ಕೇವಲ ಲೋಕಭೀರುತ್ವ, ಅದು ನಮ್ಮನ್ನು ನಡೆಯದಂತೆಯೇ ಕಟ್ಟಿಹಾಕುತ್ತದೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಎಂಟು ಮದಗಳಲ್ಲಿ ಪೂಜಾಮದವೂ ತಪೋಮದವೂ ಸೇರಿವೆ. ಜನರು ಗೌರವಿಸಿದರೆಂದು ಉಬ್ಬುವುದು ಪೂಜಾಮದ. ಇಷ್ಟು ಉಪವಾಸ ಮಾಡಿದೆನೆಂದು ಉಬ್ಬುವುದು ತಪೋಮದ. ನಿಂದೆಗೆ ಅಂಜುವವನೂ ಸ್ತುತಿಗೆ ಉಬ್ಬುವವನೂ ಬೇರೆ ಬೇರೆ ರೋಗಿಗಳಲ್ಲ. ಇಬ್ಬರೂ ತಮ್ಮ ಬೆಲೆಯನ್ನು ನೆರೆಮನೆಯ ತಕ್ಕಡಿಯಲ್ಲಿ ತೂಗಿಸಿಕೊಳ್ಳಲು ಹೊರಟವರು. ಆದುದರಿಂದ ಹೊಗಳಿಕೆಯ ರುಚಿಯನ್ನು ಬಿಡದೆ ತೆಗಳಿಕೆಯ ಭಯವನ್ನು ಮಾತ್ರ ಬಿಡುತ್ತೇನೆಂಬುದು ಆಗದ ಮಾತು.

೨. ನಾಲ್ಕು ಸಾವಿರ ಅರಸರ ನಿದರ್ಶನ

ಈ ವಿಷಯಕ್ಕೆ ಆದಿಪುರಾಣದಲ್ಲಿರುವುದಕ್ಕಿಂತ ಮಿಗಿಲಾದ ನಿದರ್ಶನ ಬೇರೊಂದಿಲ್ಲ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ವಿಸ್ತರಿಸಿದ ಈ ಚರಿತೆಯನ್ನು ಕ್ರಿ.ಶ. ೯೪೧ರಲ್ಲಿ ಕನ್ನಡಕ್ಕೆ ತಂದವನು ಮಹಾಕವಿ ಪಂಪ. ನಮ್ಮ ಸಿರಸಿ ತಾಲ್ಲೂಕಿನ ಬನವಾಸಿಯನ್ನು ಮನಸಾರೆ ಪ್ರೀತಿಸಿದ ಕವಿಯೂ ಅವನೇ.

ಆದಿನಾಥ ಸ್ವಾಮಿಯು ದೀಕ್ಷೆ ವಹಿಸಿದಾಗ ಕಚ್ಛ, ಮಹಾಕಚ್ಛರೇ ಮೊದಲಾದ ನಾಲ್ಕು ಸಾವಿರ ಅರಸರು ತಾವೂ ದೀಕ್ಷೆ ವಹಿಸಿದರು. ಏಕೆ ವಹಿಸಿದರು? ಮೋಕ್ಷಮಾರ್ಗವನ್ನು ಅರಿತು ಅಲ್ಲ. ಒಡೆಯನ ಮೇಲಣ ಭಕ್ತಿಯಿಂದ, ಅವನು ಮಾಡಿದುದನ್ನು ತಾವೂ ಮಾಡಬೇಕೆಂಬ ಅನುಕರಣೆಯಿಂದ. ಸ್ವಾಮಿಯು ಆರು ತಿಂಗಳ ಅನಶನವನ್ನು ಸಂಕಲ್ಪಿಸಿ ಅಲುಗದೆ ನಿಂತನು. ಜೊತೆಯವರು ಸ್ವಲ್ಪ ಕಾಲದಲ್ಲಿಯೇ ಹಸಿವು ಬಾಯಾರಿಕೆಗಳಿಂದ ಕಂಗೆಟ್ಟರು. ಮನೆಗೆ ಮರಳೋಣವೆಂದರೆ ಭರತನಿಗೆ ಅಂಜಿದರು: ತಂದೆಯನ್ನು ಕಾಡಿನಲ್ಲಿ ಬಿಟ್ಟು ಬಂದಿರೆಂದು ಅವನು ಮುನಿದರೆ ಏನು ಗತಿ? ಅಲ್ಲೇ ಇದ್ದು ಗೆಡ್ಡೆ ಗೆಣಸು ಹಣ್ಣುಗಳಿಗೆ ಕೈಯಿಕ್ಕಿದರು. ಅರ್ಹಂತರು ಧರಿಸುವ ಈ ರೂಪದಲ್ಲಿದ್ದುಕೊಂಡು ಹೀಗೆ ಮಾಡಬೇಡಿರೆಂದು ವನದೇವತೆಗಳು ತಡೆದಾಗ, ಆ ರೂಪವನ್ನು ತೊರೆದು ನಾರುಮಡಿ ಮೊದಲಾದುವನ್ನು ಉಟ್ಟು ಬೇರೆ ಬೇರೆ ವೇಷಗಳನ್ನು ತಾಳಿದರು.

ಇಲ್ಲಿ ಎರಡು ಸಂಗತಿಗಳಿವೆ. ಅನ್ಯರನ್ನು ನೋಡಿ ಹಿಡಿದ ವ್ರತ ನಿಲ್ಲಲಿಲ್ಲ. ಅದು ಬಿದ್ದಾಗ ಅನ್ಯರಿಗೆ ಅಂಜಿ ನೆಟ್ಟಗೆ ಮರಳುವುದೂ ಆಗಲಿಲ್ಲ. ವ್ರತವನ್ನು ಹಿಡಿಸಿದ್ದೂ ಪರಾಪೇಕ್ಷೆ, ದಾರಿಯನ್ನು ತಪ್ಪಿಸಿದ್ದೂ ಪರಾಪೇಕ್ಷೆ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಸ್ವಾಮಿಗೆ ಕೇವಲಜ್ಞಾನ ಉದಯಿಸಿದ ಮೇಲೆ ಹೀಗೆ ಭ್ರಷ್ಟರಾದವರಲ್ಲಿ ಮರೀಚಿಯೊಬ್ಬನ ಹೊರತು ಉಳಿದವರು ತತ್ತ್ವವನ್ನರಿತು ಮತ್ತೆ ದೀಕ್ಷೆ ವಹಿಸಿದರೆಂದು ಪುರಾಣ ಹೇಳುತ್ತದೆ. ಒಮ್ಮೆ ಬಿದ್ದವರೆಂದು ಸಮವಸರಣದ ಬಾಗಿಲು ಅವರಿಗೆ ಮುಚ್ಚಲಿಲ್ಲ. ಬಿದ್ದವರು ಸಾವಿರಾರು, ಎದ್ದು ಬಂದವರೂ ಸಾವಿರಾರು. ಹಟ ಹಿಡಿದು ಹೊರಗೆ ಉಳಿದವನು ಒಬ್ಬ.

ಅತ್ತ ಸ್ವಾಮಿಯ ಚರ್ಯೆಯನ್ನು ನೋಡಿರಿ. ಆರು ತಿಂಗಳ ಯೋಗವನ್ನು ಮುಗಿಸಿ, ಮುಂದಿನ ಮುನಿಗಳಿಗೆ ಆಹಾರಚರ್ಯೆಯ ದಾರಿಯನ್ನು ತೋರಲೆಂದು ಊರೂರು ನಡೆದನು. ಆಹಾರದಾನದ ವಿಧಿ ಯಾರಿಗೂ ತಿಳಿದಿರಲಿಲ್ಲ. ಜನರು ರತ್ನಗಳನ್ನು ತಂದರು, ವಸ್ತ್ರಗಳನ್ನು ತಂದರು, ಆನೆ ಕುದುರೆಗಳನ್ನು ತಂದರು, ಕನ್ಯೆಯರನ್ನೂ ತಂದೊಪ್ಪಿಸಿದರು. ಪ್ರತಿದಿನವೂ ಸ್ವಾಮಿ ಏನನ್ನೂ ಸ್ವೀಕರಿಸದೆ ಮರಳಿದನು. ಲೋಕದ ಕಣ್ಣಿನಿಂದ ನೋಡಿದರೆ ಅದು ತಿಂಗಳುಗಟ್ಟಲೆ ನಡೆದ ವೈಫಲ್ಯ. ಸ್ವಾಮಿಗೆ ಅದರಿಂದ ವಿಷಾದವೂ ಇಲ್ಲ, ಲಜ್ಜೆಯೂ ಇಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಪೂರ್ವಜನ್ಮದ ಸ್ಮರಣೆಯಿಂದ ವಿಧಿಯನ್ನರಿತು ಕಬ್ಬಿನ ಹಾಲನ್ನು ನೀಡಿದನು. ಆ ದಿನವೇ ಅಕ್ಷಯ ತೃತೀಯೆ. ನಾವು ಹಬ್ಬವಾಗಿ ಆಚರಿಸುವ ಆ ದಿನದ ಹಿಂದೆ ಬರಿಗೈಯಲ್ಲಿ ಮರಳಿದ ಎಷ್ಟೊಂದು ದಿನಗಳಿವೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು.

೩. ಅಲಾಭ, ಆಕ್ರೋಶ, ಸತ್ಕಾರಪುರಸ್ಕಾರ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಇಪ್ಪತ್ತೆರಡು ಪರೀಷಹಗಳನ್ನು ಹೇಳಿದ್ದಾರೆ. ಹಸಿವು, ಬಾಯಾರಿಕೆ, ಚಳಿ, ಸೆಕೆಗಳ ಸಾಲಿನಲ್ಲಿಯೇ ಅಲಾಭವಿದೆ, ಆಕ್ರೋಶವಿದೆ, ಸತ್ಕಾರಪುರಸ್ಕಾರವಿದೆ. ಬಯಸಿದ್ದು ದೊರೆಯದಿರುವುದು ಅಲಾಭ. ಬೈಗುಳವನ್ನು ಕೇಳಬೇಕಾಗುವುದು ಆಕ್ರೋಶ. ಮಾನಾಪಮಾನಗಳಲ್ಲಿ ಸಮನಾಗಿರುವುದು ಸತ್ಕಾರಪುರಸ್ಕಾರ ಪರೀಷಹದ ಜಯ. ಸೋಲನ್ನೂ ಜನರ ಮಾತನ್ನೂ ಆಚಾರ್ಯರು ಹಸಿವಿನ ಪಂಕ್ತಿಯಲ್ಲಿಯೇ ಇಟ್ಟರೆಂಬುದು ವಿಚಾರಣೀಯ. ಒಂದು ದಿನ ಅನ್ನವಿಲ್ಲದೆ ಇರಬಲ್ಲವನು ಒಂದು ದಿನ ಹೊಗಳಿಕೆಯಿಲ್ಲದೆಯೂ ಇರಲು ಕಲಿಯಬೇಕು. ಅಲ್ಲಿಗೆ ಉಪವಾಸ ಪೂರ್ಣವಾಯಿತು.

ಕೆಲಸ ಕೈಗೂಡದಿರುವುದಕ್ಕೆ ಕರ್ಮಶಾಸ್ತ್ರ ಅಂತರಾಯವೆಂದು ಹೆಸರಿಟ್ಟಿದೆ. ದಾನ, ಲಾಭ, ಭೋಗ, ಉಪಭೋಗ, ವೀರ್ಯ ಎಂಬ ಐದಕ್ಕೆ ಐದು ಅಂತರಾಯಗಳು. ಅಂತರಾಯದ ಉದಯದಿಂದ ಬಂದ ಅಲಾಭವು ದುಃಖಕ್ಕೆ ಕಾರಣವಾಗಬಹುದು, ನಾಚಿಕೆಗೆ ಕಾರಣವಲ್ಲ. ನಾಚಿಕೆಪಡತಕ್ಕದ್ದು ಮಾಯೆಗೆ, ಕಪಟಕ್ಕೆ.

ನಮ್ಮ ನಾಡಿನಲ್ಲಿಯೇ ಈ ಪರೀಷಹಗಳನ್ನು ಸಹಿಸಿ ತೋರಿಸಿದವರು ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು. ೧೮೭೨ರಲ್ಲಿ ಜನಿಸಿದ ಅವರು ಗೃಹಸ್ಥಾಶ್ರಮದಲ್ಲಿ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನದ ಸಾತಗೌಡರು. ೧೯೨೦ರಲ್ಲಿ ಯರನಾಳದಲ್ಲಿ ಅವರಿಗೆ ಮುನಿದೀಕ್ಷೆಯಾಯಿತು. ಆ ಕಾಲದಲ್ಲಿ ನಿರ್ಗ್ರಂಥ ಮುನಿಗಳು ಅತಿ ವಿರಳ. ಇದ್ದವರಲ್ಲಿಯೂ ಜನರ ನಡುವೆ ಹೋಗುವಾಗ ವಸ್ತ್ರ ಹೊದೆಯುವ, ಮೊದಲೇ ಗೊತ್ತುಮಾಡಿದ ಮನೆಯಲ್ಲಿಯೇ ಆಹಾರ ಸ್ವೀಕರಿಸುವ ರೂಢಿ ಬಂದಿತ್ತು. ಮಹಾರಾಜರು ಶಾಸ್ತ್ರೋಕ್ತವಾದ ಚರ್ಯೆಯನ್ನೇ ಹಿಡಿದರು. ವಿಧಿಯನ್ನು ಬಲ್ಲ ಗೃಹಸ್ಥರು ಮೊದಮೊದಲು ಕಡಿಮೆಯಿದ್ದುದರಿಂದ ಆಹಾರವಿಲ್ಲದೆಯೇ ಮರಳಬೇಕಾದ ದಿನಗಳೂ ಬಂದುವೆಂದು ಅವರ ಚರಿತ್ರೆ ಹೇಳುತ್ತದೆ. ಅಲಾಭಕ್ಕೂ ಅಂಜಲಿಲ್ಲ, ಜನರ ಮಾತಿಗೂ ಅಂಜಲಿಲ್ಲ. ದಕ್ಷಿಣದಿಂದ ಉತ್ತರ ಭಾರತದವರೆಗೆ ಕಾಲ್ನಡಿಗೆಯಲ್ಲಿ ವಿಹರಿಸಿದರು. ೧೯೫೫ರಲ್ಲಿ ಕುಂಥಲಗಿರಿಯಲ್ಲಿ ೩೬ ದಿನಗಳ ಸಲ್ಲೇಖನವನ್ನು ಸಾಧಿಸಿ ಸೆಪ್ಟೆಂಬರ್ ೧೮ರಂದು ಸಮಾಧಿಮರಣ ಹೊಂದಿದರು. ಇಂದು ಊರಿಂದ ಊರಿಗೆ ಮುನಿಸಂಘಗಳು ವಿಹರಿಸುವುದನ್ನೂ ಶ್ರಾವಕರು ವಿಧಿಪೂರ್ವಕವಾಗಿ ಎದುರುಗೊಳ್ಳುವುದನ್ನೂ ನಾವು ಕಾಣುತ್ತೇವೆ. ಬರಿಹೊಟ್ಟೆಯಲ್ಲಿ ಮರಳಿದ ಆ ದಿನಗಳಲ್ಲಿ ಅವರು ರೂಢಿಯ ಕಡೆಗೆ ವಾಲಿದ್ದರೆ ಈ ಮಾರ್ಗ ಇಷ್ಟು ಪ್ರಶಸ್ತವಾಗುತ್ತಿತ್ತೇ?

೪. ಶಕ್ತಿಯನ್ನರಿತು ಹಿಡಿಯುವುದು

ಅಂಜಬಾರದೆಂದರೆ ಮುನ್ನುಗ್ಗಬೇಕೆಂದು ಅರ್ಥವಲ್ಲ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ "ಶಕ್ತಿಗೆ ತಕ್ಕಂತೆ" ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಶಕ್ತಿಯನ್ನು ಮೀರಿ ಹಿಡಿಯುವುದೂ ದೋಷ. ಇದ್ದ ಶಕ್ತಿಯನ್ನು ಬಚ್ಚಿಡುವುದೂ ದೋಷ.

ಸೋಲಿನ ಭಯವುಳ್ಳವರಿಗೆ ಆಚಾರ್ಯ ಸಮಂತಭದ್ರರು ತೋರಿದ ಉಪಾಯ ಅತ್ಯಂತ ವ್ಯಾವಹಾರಿಕವಾದುದು. ಜೀವಮಾನಪರ್ಯಂತ ಮಾಡುವ ತ್ಯಾಗ ಯಮ. ಕಾಲದ ಮಿತಿಯುಳ್ಳದ್ದು ನಿಯಮ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಹೀಗೆ ಮಿತಿಯನ್ನು ಕಟ್ಟಿಕೊಳ್ಳಬಹುದು. ಚತುರ್ವಿಧ ಆಹಾರಗಳ ತ್ಯಾಗ ಉಪವಾಸ. ದಿನಕ್ಕೊಮ್ಮೆ ಉಣ್ಣುವುದು ಏಕಾಶನ. ಹಸಿವಿಗಿಂತ ಕಡಿಮೆ ಉಣ್ಣುವುದು ಅವಮೌದರ್ಯ. ಹಾಲು, ಮೊಸರು, ತುಪ್ಪ, ಎಣ್ಣೆ, ಉಪ್ಪು, ಸಿಹಿ ಇವುಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ರಸಪರಿತ್ಯಾಗ. ಇವೆಲ್ಲವೂ ತಪಸ್ಸೇ. ಎಂಟು ದಿನಗಳ ಉಪವಾಸಕ್ಕೆ ಅಂಜುವ ಸೊಸೆ ಅಷ್ಟಮಿ ಚತುರ್ದಶಿಗಳ ಏಕಾಶನದಿಂದ ಆರಂಭಿಸಲಿ. ಏಕಾಶನವೂ ಕಷ್ಟವೆನಿಸುವ ಬಾಲಕ ಒಂದು ತಿಂಗಳ ಮಟ್ಟಿಗೆ ರಾತ್ರಿಭೋಜನವನ್ನು ಬಿಡಲಿ. ಒಂದು ಸಣ್ಣ ನಿಯಮ ಪೂರ್ಣಗೊಂಡಾಗ ಮನಸ್ಸಿಗೆ ಬರುವ ಬಲ ಉಪದೇಶದಿಂದ ಬಾರದು. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈಯೆತ್ತದ ಹುಡುಗನಿಗೆ ಮೊದಲು ಸುಲಭದ ಪ್ರಶ್ನೆಯನ್ನೇ ಕೇಳಬೇಕೆಂಬುದು ಉಪಾಧ್ಯಾಯರಾದವರಿಗೆಲ್ಲ ತಿಳಿದ ವಿಷಯ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ನಿರಾಹಾರರಾಗಿದ್ದರೆ ರಕ್ತದ ಸಕ್ಕರೆಯ ಪ್ರಮಾಣ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಂಥವರೂ ಬಸುರಿ ಬಾಣಂತಿಯರೂ ವೃದ್ಧರೂ ವೈದ್ಯರನ್ನು ಕೇಳಿಯೇ ನಿಯಮವನ್ನು ಗೊತ್ತುಮಾಡಿಕೊಳ್ಳಬೇಕು. ವರ್ಷ ವರ್ಷವೂ ಉಪವಾಸ ಮಾಡುತ್ತಿದ್ದ ಅಜ್ಜಿ, ಈ ವರ್ಷ ಬಿಟ್ಟರೆ ಜನ ಏನೆಂದಾರೆಂದು ಅಂಜಿ ಔಷಧವನ್ನು ನಿಲ್ಲಿಸಿದರೆ ಅದು ತಪಸ್ಸಲ್ಲ, ಇಹಲೋಕಭಯ. ರಸಪರಿತ್ಯಾಗ, ಸ್ವಾಧ್ಯಾಯ, ಜಪಗಳು ಆಕೆಗೆ ತೆರೆದೇ ಇವೆ.

೫. ತಪ್ಪಿದಾಗ ಮಾಡತಕ್ಕದ್ದು

ವ್ರತವೆಂದರೆ ಗಾಜಿನ ಬಳೆ, ಒಮ್ಮೆ ತಾಗಿದರೆ ಚೂರಾಯಿತೆಂಬ ಭಾವನೆ ನಮ್ಮಲ್ಲಿದೆ. ಶಾಸ್ತ್ರ ಹಾಗೆ ಹೇಳುವುದಿಲ್ಲ. ದೋಷಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ: ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ. ಇದನ್ನು ವಿವರಿಸಲು ಹಿಂದಿನವರು ಪೈರಿನ ಗದ್ದೆಯ ಹೊರಗೆ ನಿಂತ ಎತ್ತಿನ ದೃಷ್ಟಾಂತವನ್ನು ಕೊಡುತ್ತಾರೆ. ನಮ್ಮ ಸೀಮೆಯವರಿಗೆ ಅದು ದಿನನಿತ್ಯದ ನೋಟ. ಎತ್ತು ಬೇಲಿಯಾಚೆಯ ಹಸುರನ್ನು ನೋಡಿ ಆಸೆಪಟ್ಟಿತು, ಅದು ಅತಿಕ್ರಮ. ಬೇಲಿಯ ಸಂದಿಯಲ್ಲಿ ತಲೆ ತೂರಿಸಿತು, ವ್ಯತಿಕ್ರಮ. ಒಂದು ಬಾಯಿ ಕಿತ್ತು ಹಿಂದೆ ಸರಿಯಿತು, ಅತಿಚಾರ. ಬೇಲಿ ಮುರಿದು ಒಳನುಗ್ಗಿ ಮೇಯತೊಡಗಿತು, ಅನಾಚಾರ. ಉಪವಾಸದ ದಿನ ದೋಸೆಯ ವಾಸನೆಗೆ ಮನಸ್ಸು ಹರಿದುದಕ್ಕೇ "ನನ್ನ ವ್ರತ ಹೋಯಿತು" ಎಂದು ಕೈಚೆಲ್ಲಿ ಊಟಕ್ಕೆ ಕುಳಿತವನು, ಮೊದಲ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ತಾನಾಗಿಯೇ ಹಾರಿದವನು. ಸೋಲಿನ ಭಯ ಮಾಡುವ ಕೇಡು ಇದೇ: ಸಣ್ಣ ತಪ್ಪನ್ನು ದೊಡ್ಡದೆಂದು ತೋರಿಸಿ, ದೊಡ್ಡ ತಪ್ಪನ್ನೇ ಮಾಡಿಸುತ್ತದೆ.

ತಪ್ಪಿಗೆ ಪರಿಹಾರವೂ ಶಾಸ್ತ್ರದಲ್ಲಿಯೇ ಇದೆ. ತತ್ತ್ವಾರ್ಥಸೂತ್ರದಂತೆ ಪ್ರಾಯಶ್ಚಿತ್ತ ಒಂಬತ್ತು ಬಗೆ: ಆಲೋಚನೆ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನೆ. ಇವು ಮುಖ್ಯವಾಗಿ ಮುನಿಗಳಿಗೆ ಹೇಳಿದವಾದರೂ ಕ್ರಮ ಶ್ರಾವಕರಿಗೂ ದಾರಿದೀಪ. ಮೊದಲನೆಯದಾದ ಆಲೋಚನೆಯೆಂದರೆ ಗುರುಗಳ ಮುಂದೆ ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುವುದು. ಕೊನೆಯದಾದ ಉಪಸ್ಥಾಪನೆಯೆಂದರೆ ಮತ್ತೆ ಹೊಸದಾಗಿ ವ್ರತದಲ್ಲಿ ನೆಲೆಗೊಳಿಸುವುದು. ಪೂರ್ತಿಯಾಗಿ ಬಿದ್ದವನಿಗೂ ಮತ್ತೆ ನಿಲ್ಲಿಸುವ ವಿಧಿಯನ್ನು ಆಚಾರ್ಯರು ಮೊದಲೇ ಬರೆದಿಟ್ಟಿದ್ದಾರೆ. ವ್ರತಿಯಾದವನು ನಿಃಶಲ್ಯನಾಗಿರಬೇಕೆಂಬುದು ಸೂತ್ರಕಾರರ ಮತ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳಲ್ಲಿ ಲೋಕಾಪವಾದದ ಭಯ ಚುಚ್ಚುವುದು ಮಾಯೆಯನ್ನು. ಜನರಿಗೆ ಅಂಜಿ, ತಪ್ಪಿದ ಉಪವಾಸವನ್ನು ತಪ್ಪಲಿಲ್ಲವೆಂದು ನಟಿಸಿದವನ ಕಾಲಿನಲ್ಲಿ ಮುಳ್ಳು ಉಳಿದೇ ಉಳಿಯಿತು. ಮುನಿಗಳೋ ಭಟ್ಟಾರಕರೋ ಸಮೀಪದಲ್ಲಿದ್ದರೆ ಅವರಲ್ಲಿ, ಇಲ್ಲದಿದ್ದರೆ ಜಿನಬಿಂಬದ ಮುಂದೆ ಹೇಳಿಕೊಂಡು, ಅಂದಿನಿಂದಲೇ ಮುಂದುವರಿಸುವುದು ಸರಿಯಾದ ದಾರಿ.

೬. ನೋಡುವವರ ಕರ್ತವ್ಯ

ಇಷ್ಟು ಹೊತ್ತೂ ವ್ರತ ಹಿಡಿಯುವವರಿಗೆ ಹೇಳಿದ್ದಾಯಿತು. ಇನ್ನು ಆಡಿಕೊಳ್ಳುವವರಿಗೆ. ಸಮ್ಯಗ್ದರ್ಶನದ ಅಂಗಗಳಲ್ಲಿ ಉಪಗೂಹನವಿದೆ, ಸ್ಥಿತಿಕರಣವಿದೆ. ಅಶಕ್ತರಿಂದ ಆದ ಲೋಪವನ್ನು ಬೀದಿಗೆ ತಾರದಿರುವುದು ಉಪಗೂಹನ. ಜಾರುತ್ತಿರುವವರನ್ನು ಕೈಹಿಡಿದು ಮತ್ತೆ ನಿಲ್ಲಿಸುವುದು ಸ್ಥಿತಿಕರಣ. ಸ್ಥಿತಿಕರಣಕ್ಕೆ ಶಾಸ್ತ್ರಗಳು ಕೊಡುವ ದೃಷ್ಟಾಂತ ವಾರಿಷೇಣ ಮುನಿಗಳದು. ದೀಕ್ಷೆ ಪಡೆದು ಹನ್ನೆರಡು ವರ್ಷಗಳಾದರೂ ಮಡದಿಯನ್ನೇ ನೆನೆಯುತ್ತಿದ್ದ ಗೆಳೆಯನನ್ನು ಅವರು ಸಂಘದ ನಡುವೆ ಹಳಿಯಲಿಲ್ಲ. ತಮ್ಮ ಅರಮನೆಗೇ ಕರೆದೊಯ್ದು, ತಾವು ತೊರೆದು ಬಂದ ಐಶ್ವರ್ಯವನ್ನು ಕಣ್ಣಾರೆ ತೋರಿಸಿ, ಅವನ ಮನಸ್ಸನ್ನು ಅವನಿಂದಲೇ ತಿರುಗಿಸಿದರು. ಹೀಗಿರುವಾಗ, ನೆರೆಮನೆಯ ಹೆಣ್ಣುಮಗಳ ಉಪವಾಸ ಐದನೆಯ ದಿನಕ್ಕೆ ನಿಂತುದನ್ನು ಬಸದಿಯ ಜಗಲಿಯಲ್ಲಿ ಕುಳಿತು ಆಡಿಕೊಳ್ಳುವವರು ತಮ್ಮ ಸಮ್ಯಗ್ದರ್ಶನದ ಅಂಗವನ್ನೇ ಊನಗೊಳಿಸಿಕೊಳ್ಳುತ್ತಾರೆ. ಅವಳದು ಒಂದು ದಿನದ ಅತಿಚಾರ. ಇವರದು ಸಮ್ಯಕ್ತ್ವದ ಹಾನಿ. ಯಾವುದು ದೊಡ್ಡದು?

ಉದ್ಯಾಪನೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನೋಂಪಿ ಹಿಡಿಯಲು ಅಂಜುವ ಹಲವರಿಗೆ ನಿಜವಾದ ಭಯ ಹಸಿವಿನದಲ್ಲ, ಕೊನೆಯಲ್ಲಿ ಮಾಡಬೇಕಾದ ಖರ್ಚಿನದು. "ಅವರು ಅಷ್ಟು ಪಾತ್ರೆ ಹಂಚಿದರು, ಅಷ್ಟು ಜನರಿಗೆ ಊಟ ಹಾಕಿದರು, ನಾವು ಮಾಡದಿದ್ದರೆ ಮರ್ಯಾದೆಯೇನು?" ಎಂಬುದು. ವ್ರತವಿಧಾನಗಳು ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿವೆ: ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಿದರೆ ಸಾಕು. ಹಣದ ಬದಲಿಗೆ ಆಚರಣೆಯೇ ಸಲ್ಲುತ್ತದೆ. ಸಾಲ ಮಾಡಿ ಉದ್ಯಾಪನೆ ನಡೆಸಬೇಕೆಂಬ ವಿಧಿ ಎಲ್ಲಿಯೂ ಇಲ್ಲ. ಉಳ್ಳವರು ತಮ್ಮ ಉದ್ಯಾಪನೆಯನ್ನು ಸರಳಗೊಳಿಸಿದರೆ ಇಲ್ಲದವರ ಅರ್ಧ ಭಯ ತಾನಾಗಿ ಅಳಿಯುತ್ತದೆ.

ಲೋಕದ ಮಾತು ಎಷ್ಟು ಕಾಲ ಉಳಿಯುತ್ತದೆಂಬುದನ್ನು ತಿಳಿಯಬೇಕಾದರೆ ಘಟ್ಟ ಇಳಿದು ಗೇರುಸೊಪ್ಪೆಗೆ ಹೋಗಿ ಬರಬಹುದು. ೧೫೫೨ರಿಂದ ೧೬೦೬ರವರೆಗೆ ಜಿನಭಕ್ತೆಯಾದ ರಾಣಿ ಚೆನ್ನಭೈರಾದೇವಿ ಆಳಿದ ನಾಡು ಅದು. ಅವಳನ್ನು ಹೊಗಳಿದವರಿದ್ದರು, ಅವಳ ಮೇಲೆ ಹಗೆ ಸಾಧಿಸಿದವರಿದ್ದರು. ಆ ಹೊಗಳಿಕೆಯ ಧ್ವನಿಯೂ ಇಲ್ಲ, ತೆಗಳಿಕೆಯ ಧ್ವನಿಯೂ ಇಲ್ಲ. ಕಾಡಿನ ನಡುವೆ ಚತುರ್ಮುಖ ಬಸದಿ ಮಾತ್ರ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ.

ಮುಂದಿನ ಪರ್ವಕ್ಕೆ ಪ್ರತಿಯೊಂದು ಮನೆಯವರೂ ಇಷ್ಟನ್ನು ಮಾಡಿದರೆ ಈ ಪಾಠ ಸಾರ್ಥಕ. ಮನೆಯ ಪ್ರತಿಯೊಬ್ಬರೂ ತಮ್ಮ ಶಕ್ತಿಗಿಂತ ಒಂದು ಮೆಟ್ಟಿಲು ಕೆಳಗಿನ ನಿಯಮವನ್ನೇ ಆರಿಸಿಕೊಂಡು, ಕಾಲದ ಮಿತಿಯನ್ನು ನಿಶ್ಚಯಿಸಿ, ದೇವರ ಮುಂದೆ ಸಂಕಲ್ಪಿಸಲಿ. ಹೊರಗಿನವರಿಗೆ ಸಾರುವ ಅಗತ್ಯವಿಲ್ಲ. ಪ್ರತಿದಿನ ಸಂಜೆ ಸಾಮಾಯಿಕದ ಕೊನೆಯಲ್ಲಿ ಅಂದಿನ ದೋಷಗಳನ್ನು ನೆನೆದು ಪ್ರತಿಕ್ರಮಣ ಮಾಡಲಿ. ತಪ್ಪಿದ ದಿನ ಮನೆಯ ಹಿರಿಯರು ಕೇಳಬೇಕಾದ ಮಾತು "ಏಕೆ ತಪ್ಪಿತು?" ಎಂಬುದಲ್ಲ, "ನಾಳೆ ಎಲ್ಲಿಂದ ಮುಂದುವರಿಸೋಣ?" ಎಂಬುದು.

ಸ್ವಾಧ್ಯಾಯದ ಪ್ರಶ್ನೆಗಳು

೧. ಪಾಪಭೀರುತ್ವ, ಲೋಕಭೀರುತ್ವಗಳ ಭೇದವನ್ನು ನಿಮ್ಮ ಮನೆಯ ಒಂದು ಉದಾಹರಣೆಯಿಂದ ವಿವರಿಸಿರಿ.
೨. ಕಚ್ಛಾದಿ ಅರಸರ ವ್ರತ ನಿಲ್ಲದಿರಲು ಕಾರಣವೇನು? ಅವರು ಮತ್ತೆ ನಿಂತುದು ಹೇಗೆ?
೩. ಅತಿಕ್ರಮದಿಂದ ಅನಾಚಾರದವರೆಗಿನ ನಾಲ್ಕು ಮೆಟ್ಟಿಲುಗಳನ್ನು ರಾತ್ರಿಭೋಜನತ್ಯಾಗಕ್ಕೆ ಅನ್ವಯಿಸಿರಿ.
೪. ಉದ್ಯಾಪನೆಗೆ ಶಕ್ತಿಯಿಲ್ಲದವರಿಗೆ ಹೇಳಿರುವ ವಿಧಿ ಯಾವುದು?
೫. ನೆರೆಯವರ ವ್ರತ ನಡುವೆ ನಿಂತುದು ತಿಳಿದಾಗ ಉಪಗೂಹನ, ಸ್ಥಿತಿಕರಣಗಳನ್ನು ನೀವು ಹೇಗೆ ಆಚರಿಸುವಿರಿ?